ಬೇಸಿಗೆಯ ಕೊನೆಯಲ್ಲಿ ಕೆರೆಯ ಹಕ್ಕಿಗಳು

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಸೀಮೆಯ ವ್ಯವಸಾಯವು ಕೆರೆ ಕಾಲುವೆಗಳನ್ನು ಆಶ್ರಯಿಸಿ ಬೆಳೆದುದೆಂಬುದು ಎಲ್ಲರೂ ಬಲ್ಲ ಸಂಗತಿ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಗಳಿಂದ ಹೊರಟ ರಾಯ, ಬಸವಣ್ಣ, ತುರ್ತಾ, ಕಂಪ್ಲಿ ಮುಂತಾದ ಕಾಲುವೆಗಳು ಈಗಲೂ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ರಾಯ ಕಾಲುವೆಯ ನೀರನ್ನು ಪಡೆಯುವ ಕಮಲಾಪುರದ ಕೆರೆಯು ಹಂಪೆಯ ಬಾಗಿಲಿನಲ್ಲಿಯೇ ಇದೆ. ೨೦೨೧ನೆಯ ಇಸವಿಯಲ್ಲಿ ವಿಜಯನಗರ ಜಿಲ್ಲೆಯು ಬಳ್ಳಾರಿಯಿಂದ ಬೇರೆಯಾಯಿತಾದರೂ ಈ ಸೀಮೆಯ ನೀರಿನ ಕಷ್ಟಸುಖಗಳು ಒಂದೇ ಆಗಿ ಉಳಿದಿವೆ.

ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳಿಗಾಗಿ ರೈತರು ಆಕಾಶವನ್ನು ನೋಡುತ್ತಿರುವ ಕಾಲದಲ್ಲಿ, ಅಂದರೆ ಮೇ ತಿಂಗಳ ಮೊದಲಿನಿಂದ ಜೂನ್ ಮೊದಲನೆಯ ವಾರದವರೆಗೆ, ಕೆರೆಗಳು ವರ್ಷದಲ್ಲಿಯೇ ಅತ್ಯಂತ ಕೆಳಮಟ್ಟಕ್ಕೆ ಇಳಿದಿರುವುವು. ಆಗ ಉಳಿದಿರುವ ಅಲ್ಪ ನೀರಿಗೂ ಬಯಲಾದ ಅಂಗಳಕ್ಕೂ ಏಕಕಾಲದಲ್ಲಿ ನಾಲ್ಕು ಕಡೆಯಿಂದ ಬೇಡಿಕೆಯುಂಟಾಗುವುದು. ತೋಟ ಒಣಗದಂತೆ ನೀರೆತ್ತುವ ಪಂಪುಗಳು ಒಂದು, ಬಾಯಾರಿದ ದನಕರುಗಳು ಎರಡು, ಹೂಳು ಹೊರುವ ಬಂಡಿ ಟ್ರ್ಯಾಕ್ಟರುಗಳು ಮೂರು, ಹಕ್ಕಿಗಳು ನಾಲ್ಕು. ಮೊದಲಿನ ಮೂರು ಬೇಡಿಕೆಗಳ ಪರವಾಗಿ ಗ್ರಾಮಸಭೆಯಲ್ಲಿ ಮಾತನಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾಲ್ಕನೆಯದರ ಪರವಾಗಿ ಗ್ರಾಮದ ಮುಖಂಡರೂ ಹಿಡುವಳಿದಾರರೂ ಮಾತನಾಡದಿದ್ದರೆ ಬೇರೆ ಯಾರೂ ಇಲ್ಲ. ಈ ಐದು ವಾರಗಳಲ್ಲಿ ಗ್ರಾಮದವರು ಕೈಕೊಳ್ಳುವ ತೀರ್ಮಾನವೇ ಆ ಕೆರೆಯಲ್ಲಿ ಮುಂದೆ ಹಕ್ಕಿಗಳು ನೆಲಸುವುವೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು. ಆದುದರಿಂದ ಈ ಕಾಲದಲ್ಲಿ ಕೆರೆಯಲ್ಲಿ ಕಾಣಬರುವ ಹಕ್ಕಿಗಳಾವುವು, ಅವುಗಳಿಂದ ವ್ಯವಸಾಯಕ್ಕೆ ಆಗುವ ಲಾಭ ನಷ್ಟಗಳೇನು, ಕೆರೆಯ ಕೆಲಸವನ್ನೂ ಹಕ್ಕಿಗಳನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವ ಬಗೆ ಯಾವುದು ಎಂಬುದನ್ನು ವಿಚಾರಮಾಡುವುದು ಯುಕ್ತವಾಗಿದೆ.

೧. ಅಂಕಸಮುದ್ರದ ಕೆರೆ

ಹೊಸಪೇಟೆಯ ನೈಋತ್ಯಕ್ಕೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಸಮೀಪವಾಗಿ ಅಂಕಸಮುದ್ರವೆಂಬ ಗ್ರಾಮವಿದೆ. ಇಲ್ಲಿಯ ಕೆರೆಯು ಸುಮಾರು ೨೪೪ ಎಕರೆ ವಿಸ್ತಾರವುಳ್ಳದ್ದು. ಇದು ಸ್ವಾಭಾವಿಕವಾದ ಸರೋವರವಲ್ಲ; ನೀರಾವರಿಗಾಗಿ ಹಿಂದಿನವರು ಏರಿ ಹಾಕಿ ಕಟ್ಟಿದ ಊರ ಕೆರೆ. ಈ ಪ್ರಾಂತದ ಇತರ ನೂರಾರು ಕೆರೆಗಳಿಗೂ ಇದಕ್ಕೂ ಮುಖ್ಯವಾದ ವ್ಯತ್ಯಾಸವೇನೆಂದರೆ, ಇದರ ಅಂಗಳದಲ್ಲಿ ಕರಿಜಾಲಿಯ ಮರಗಳು ಒತ್ತಾಗಿ ಬೆಳೆದು ನಿಂತಿವೆ. ಕರಿಜಾಲಿಯು ಬೇರು ಕೊಳೆಯದೆ ಬಹುಕಾಲ ನೀರಿನಲ್ಲಿ ನಿಲ್ಲಬಲ್ಲ ಮರ. ಮುಳ್ಳುಗಳಿಂದ ಕೂಡಿದ ಇದರ ಕೊಂಬೆಗಳು ಗೂಡಿಗೆ ಆಧಾರವನ್ನೂ, ಕೆಳಗಿನ ನೀರು ಗೂಡಿಗೆ ಕಾವಲನ್ನೂ ಒದಗಿಸುವುವು.

ಈ ಅನುಕೂಲದಿಂದಲೇ ಇಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ನೀರುಹಕ್ಕಿಗಳು ಗೂಡುಕಟ್ಟಿಯೂ ರಾತ್ರಿ ತಂಗಿಯೂ ಬಾಳುತ್ತಿವೆ. ಕೆರೆಯಲ್ಲಿಯೂ ಸುತ್ತಲೂ ೨೪೦ ಬಗೆಯ ಹಕ್ಕಿಗಳನ್ನು ಗುರುತಿಸಿ ಪಟ್ಟಿಮಾಡಲಾಗಿದೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಎಂಬೆರಡು ಜಾತಿಗಳಂತೂ, ಅವುಗಳ ಒಟ್ಟು ಸಂತತಿಯಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚಿನ ಪಾಲು, ಈ ಒಂದು ಕೆರೆಯನ್ನು ಅವಲಂಬಿಸಿವೆ. ರಾಜ್ಯ ಸರಕಾರವು ೨೦೧೭ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಜಲಭೂಮಿಗಳ ರಕ್ಷಣೆಗಾಗಿ ೧೯೭೧ರಲ್ಲಿ ಇರಾನ್ ದೇಶದ ರಾಮ್ಸಾರ್ ನಗರದಲ್ಲಿ ಆದ ಒಡಂಬಡಿಕೆಯ ಪಟ್ಟಿಗೆ ಈ ಕೆರೆಯು ಸೇರಿತೆಂದು ೨೦೨೪ರ ಆರಂಭದಲ್ಲಿ ಪ್ರಕಟವಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿಯ ಅಳಿವೆ ಇವೆರಡೂ ಆಗಲೇ ಸೇರಿದುವು. ಊರಿನವರು ಬಿತ್ತನೆಗೆಂದು ಕಟ್ಟಿದ ಕೆರೆಯೊಂದು ಲೋಕದ ಪಟ್ಟಿಯಲ್ಲಿ ಸ್ಥಾನ ಪಡೆದುದು ಆ ಊರಿಗೆ ಕೀರ್ತಿಯೂ ಹೌದು, ಹೊಣೆಯೂ ಹೌದು.

೨. ನೀರಿಳಿದಂತೆ ಕಾಣುವ ಹಕ್ಕಿಗಳು

ಚಳಿಗಾಲದ ಅತಿಥಿಗಳು ಬೇಸಿಗೆಯ ಕೊನೆಗೆ ಇರುವುದಿಲ್ಲ. ಟಿಬೆಟ್ಟು ಮತ್ತು ಮಧ್ಯ ಏಷ್ಯದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ, ಉತ್ತರದೇಶಗಳ ಬಾತುಗಳೂ, ಜೋಳದ ತೆನೆಗೆ ಮುತ್ತುವ ಗುಲಾಬಿ ಕಬ್ಬಕ್ಕಿಗಳೂ ಏಪ್ರಿಲ್ ಮುಗಿಯುವುದರೊಳಗೆ ಹಿಂದಿರುಗಿ ಹೋಗಿರುವುವು. ಮೇ ತಿಂಗಳಿನಲ್ಲಿ ಉಳಿಯುವುವು ಬಹುತೇಕ ಈ ನಾಡಿನವೇ ಆದ ಹಕ್ಕಿಗಳು. ಆದಕಾರಣ ಈಗ ಎಣಿಕೆಗೆ ಸಿಕ್ಕುವ ಹಕ್ಕಿಗಳು ಎಷ್ಟಿರುವುವೋ, ಆ ಕೆರೆಯ ಸ್ವಂತ ಸಂಸಾರವು ಹೆಚ್ಚುಕಡಿಮೆ ಅಷ್ಟೇ ಎಂದು ತಿಳಿಯಬಹುದು.

ಕೆರೆಯ ಏರಿಯ ಮೇಲೆ ಬೆಳಗಿನ ಜಾವದಲ್ಲಿ ನಿಂತು ನೋಡುವವರಿಗೆ, ಯಾವ ಹಕ್ಕಿ ಎಲ್ಲಿ ನಿಂತಿದೆ ಎಂಬುದರಿಂದಲೇ ನೀರಿನ ಆಳವು ತಿಳಿದುಬರುವುದು. ತೂಬಿನ ಬಳಿಯ ಆಳವಾದ ಮಡುವಿನಲ್ಲಿ ನೀರುಕಾಗೆಗಳು ಮುಳುಗಿ ಮೀನು ಹಿಡಿದು, ಬಳಿಕ ಮೋಟು ಮರದ ಮೇಲೆ ರೆಕ್ಕೆಗಳನ್ನು ಹರಡಿ ಒಣಗಿಸಿಕೊಳ್ಳುವುವು. ಅಲ್ಲಿಯೇ ಹಾವಕ್ಕಿಯು ಮೈಯನ್ನು ನೀರಿನೊಳಗಿಟ್ಟು, ಹಾವಿನಂತಹ ಕತ್ತನ್ನು ಮಾತ್ರ ಹೊರಗೆ ಚಾಚಿ ಈಜುವುದು. ಹೆಜ್ಜಾರ್ಲೆಗಳು ಗುಂಪಾಗಿ ತೇಲುತ್ತ, ಕೊಕ್ಕಿನ ಕೆಳಗಿನ ಚೀಲದಿಂದ ಮೀನನ್ನು ಮೊಗೆಯುವುವು.

ಮೊಳದುದ್ದದ ನೀರಿರುವಲ್ಲಿ ಬಣ್ಣದ ಕೊಕ್ಕರೆಗಳು ನಡೆದಾಡುವುವು. ಬಿಳಿಯ ಮೈ, ಹಳದಿಯ ಉದ್ದ ಕೊಕ್ಕು, ಬೆನ್ನಿನ ಕೊನೆಯ ಗರಿಗಳಲ್ಲಿ ಗುಲಾಬಿ ಬಣ್ಣ ಇವುಗಳಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ಇದು ಕೊಕ್ಕನ್ನು ಅರೆತೆರೆದು ನೀರಿನಲ್ಲಿಟ್ಟು, ಕಾಲಿನಿಂದ ಕೆಸರನ್ನು ಕಲಕುತ್ತ ನಡೆಯುವುದು; ಮೀನು ತಾಗಿದೊಡನೆ ಕೊಕ್ಕು ಮುಚ್ಚಿಕೊಳ್ಳುವುದು. ಕಣ್ಣಿಗಿಂತ ಸ್ಪರ್ಶವನ್ನೇ ನಂಬಿದ ಬೇಟೆಯಾದುದರಿಂದ, ಬಗ್ಗಡವಾದ ನೀರಿನಲ್ಲಿಯೂ ಇದಕ್ಕೆ ಆಹಾರ ದೊರೆಯುವುದು. ನೀರು ಇಳಿದು ಮೀನುಗಳು ಒತ್ತಾಗಿ ಸೇರಿರುವ ಬೇಸಿಗೆಯು ಇದಕ್ಕೆ ಸುಗ್ಗಿಯೇ ಸರಿ. ಚಮಚದಂತಹ ಕೊಕ್ಕುಳ್ಳ ಬಿಳಿಯ ಹಕ್ಕಿಗಳು ತಲೆಯನ್ನು ಎಡಬಲಕ್ಕೆ ಬೀಸುತ್ತ ನೀರನ್ನು ಸೋಸುವುವು. ಬಾಯ್ಕಳಕ ಕೊಕ್ಕರೆಯು, ಮುಚ್ಚಿದರೂ ನಡುವೆ ಸಂದು ಉಳಿಯುವ ತನ್ನ ಕೊಕ್ಕಿನಿಂದ ಗುಳ್ಳೆಯ ಹುಳುಗಳನ್ನು ಹೊರತೆಗೆದು ತಿನ್ನುವುದು.

ಅಂಗೈಯಷ್ಟು ನೀರು ನಿಂತ ಕೆಸರಿನ ಅಂಚಿನಲ್ಲಿ ಕಪ್ಪುತಲೆಯ ಬಿಳಿ ಕೆಂಬರಲುಗಳು ಬಾಗಿದ ಕೊಕ್ಕನ್ನು ಮಣ್ಣಿಗೆ ಚುಚ್ಚಿ ಹುಳುಗಳನ್ನು ಹುಡುಕುವುವು. ಕೆಂಪು ಕಡ್ಡಿಯಂತಹ ಕಾಲುಗಳ ಮೆಟ್ಟುಗಾಲು ಹಕ್ಕಿಗಳೂ, ಬೆಳ್ಳಕ್ಕಿಗಳೂ, ಕೊಳದ ಬಕಗಳೂ ಅಲ್ಲಿಯೇ ಇರುವುವು. ಸಂಜೆ ಬೆಳ್ಳಕ್ಕಿಗಳು ಮರಕ್ಕೆ ಹಿಂದಿರುಗುವ ಹೊತ್ತಿಗೆ ಇರುಳು ಬಕಗಳು ಮರವನ್ನು ಬಿಟ್ಟು ಬೇಟೆಗೆ ಹೊರಡುವುವು. ಒಂದೇ ಮರದಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎರಡೂ ನಡೆಯುತ್ತಿರುವಂತೆ ತೋರುವುದು.

ನೀರಿಲ್ಲದೆ ಬಿರುಕುಬಿಟ್ಟ ಅಂಗಳವು ಬರಿದಾಗಿದೆಯೆಂದು ತಿಳಿಯುವುದು ತಪ್ಪು. ಟಿಟ್ಟಿಭವು ಗೂಡನ್ನು ಕಟ್ಟದೆ, ಈ ನೆಲದ ಮೇಲೆಯೇ ಹರಳುಗಳ ನಡುವೆ ಮೊಟ್ಟೆಯಿಡುವುದು. ಮೊಟ್ಟೆಯ ಬಣ್ಣವು ಮಣ್ಣು ಹೆಂಟೆಯನ್ನೇ ಹೋಲುವುದರಿಂದ ಎರಡು ಮಾರು ದೂರದಿಂದಲೂ ಕಾಣಿಸುವುದಿಲ್ಲ. ಬಿಸಿಲು ತೀಕ್ಷ್ಣವಾದಾಗ ತಾಯಿಹಕ್ಕಿಯು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಗೊಳಿಸುವುದು. ಹೂಳು ಹೊರುವ ಟ್ರ್ಯಾಕ್ಟರು ಹತ್ತಿರ ಬಂದಾಗ ಈ ಹಕ್ಕಿಯು ತಲೆಯ ಮೇಲೆ ಸುತ್ತುತ್ತ ಕೂಗುವುದು ಸುಮ್ಮನೆಯಲ್ಲ. ಚಕ್ರದ ಎದುರಿಗೆ ಮೊಟ್ಟೆಯಿರುವ ಸಂಭವವುಂಟು. ಇದೇ ರೀತಿಯಾಗಿ ಹೊಳೆಯ ಮರಳುದಿಣ್ಣೆಗಳ ಮೇಲೆ ಬೇಸಿಗೆಯಲ್ಲಿ ಮೊಟ್ಟೆಯಿಡುವ ಹಕ್ಕಿಯೆಂದರೆ ಹೊಳೆ ರೀವ. ಕಂಪ್ಲಿ, ಆನೆಗೊಂದಿ ಕಡೆಯ ಹೊಳೆದಂಡೆಯ ಗ್ರಾಮದವರು ಇದನ್ನು ಗಮನದಲ್ಲಿಡತಕ್ಕದ್ದು. ಜುಟ್ಟಿನ ಚಾತಕವು ಕಾಣಿಸಿಕೊಂಡಿತೆಂದರೆ ಮುಂಗಾರು ಸಮೀಪಿಸಿತೆಂದು ಜನರು ತಿಳಿಯುವುದು ವಾಡಿಕೆಯಾಗಿದೆ.

೩. ವ್ಯವಸಾಯಕ್ಕೆ ಆಗುವ ಲಾಭ ನಷ್ಟ

ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳವಾಗಿರುವುವು. ಗೂಡಿನ ಮರಗಳ ಕೆಳಗಿನ ನೀರು ಇವುಗಳಿಂದ ಸತ್ವಗೊಂಡು, ತೂಬಿನ ಮೂಲಕ ಗದ್ದೆಗೆ ಹರಿದಾಗ ಅದು ಬೆಲೆ ಕೊಡದೆ ಬಂದ ಗೊಬ್ಬರವೇ ಆಗುವುದು. ಈ ಸಂಗತಿಯನ್ನು ಹಿಂದಿನವರು ಅರಿಯದವರಲ್ಲ. ಬಳ್ಳಾರಿ ಜಿಲ್ಲೆಯು ೧೯೫೩ರವರೆಗೆ ಸೇರಿದ್ದ ಮದರಾಸು ಪ್ರಾಂತದಲ್ಲಿಯೇ, ಚೆಂಗಲ್ಪಟ್ಟಿನ ಕಡೆಯ ವೇಡಂತಾಂಗಲ್ ಎಂಬ ಗ್ರಾಮದವರು ತಮ್ಮ ಕೆರೆಯ ಹಕ್ಕಿಗಳನ್ನು ಸಿಪಾಯಿಗಳು ಗುಂಡಿಟ್ಟು ಕೊಲ್ಲುವುದನ್ನು ಸಹಿಸದೆ ಜಿಲ್ಲೆಯ ಕಲೆಕ್ಟರರಲ್ಲಿ ದೂರಿಕೊಂಡು, ೧೭೯೮ರಲ್ಲಿ ರಕ್ಷಣೆಯ ಕೌಲನ್ನು ಪಡೆದರು. ಹಕ್ಕಿಗಳಿದ್ದ ಕೆರೆಯ ನೀರಿನಿಂದ ಬತ್ತವು ಚೆನ್ನಾಗಿ ಬರುವುದೆಂಬ ಅನುಭವವೇ ಅವರ ವಾದಕ್ಕೆ ಬಲವಾಗಿತ್ತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲಿಯೇ ಗೂಡುಕಟ್ಟುವುವು. ಅಲ್ಲಿಯ ರೈತರು ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಗುಂಡಿಗಳಲ್ಲಿ ಸಂಗ್ರಹಿಸಿ ಹೊಲಕ್ಕೆ ಹಾಕುತ್ತ ಬಂದವರು. ಆ ಗ್ರಾಮವು ೨೦೦೭ರಲ್ಲಿ ಸಮುದಾಯ ಮೀಸಲು ಎಂದು ಘೋಷಿತವಾಯಿತು.

ಕೀಟಗಳ ಹಾವಳಿಯನ್ನು ತಗ್ಗಿಸುವುದು ಎರಡನೆಯ ಲಾಭ. ಉಳುವ ಎತ್ತು ಅಥವಾ ಟ್ರ್ಯಾಕ್ಟರಿನ ಹಿಂದೆ ಸಾಲಾಗಿ ನಡೆಯುವ ಗೋವಕ್ಕಿಗಳು ಮಣ್ಣಿನಿಂದ ಮೇಲೆದ್ದ ಮಿಡತೆ ಹುಳುಗಳನ್ನು ಹೆಕ್ಕುವುವು. ಗದ್ದೆಯ ಬದುಗಳನ್ನು ಕೊರೆದು ನೀರು ಸೋರುವಂತೆ ಮಾಡುವ ಏಡಿಗಳು ಬಕ, ಬೆಳ್ಳಕ್ಕಿಗಳಿಗೆ ಆಹಾರವಾಗುವುವು.

ನಷ್ಟವಿಲ್ಲವೆಂದು ಹೇಳುವುದು ಸರಿಯಲ್ಲ. ನೀರುಕಾಗೆ, ಹಾವಕ್ಕಿ, ಹೆಜ್ಜಾರ್ಲೆಗಳು ಮೀನಿನ ಮರಿಗಳನ್ನು ತಿನ್ನುವುದರಿಂದ, ಮೀನಿನ ಗುತ್ತಿಗೆ ನಡೆಯುವ ಕೆರೆಗಳಲ್ಲಿ ಗುತ್ತಿಗೆದಾರನಿಗೆ ಸ್ವಲ್ಪ ಹಾನಿಯಾಗುವುದು ನಿಜ. ನೀಲಿ ನಾಮಗೋಳಿಗಳು ಕೆಲವು ವೇಳೆ ಎಳೆಯ ಬತ್ತದ ಪೈರನ್ನು ತುಳಿಯುವುವು. ಮತ್ತೊಂದು ಎಚ್ಚರಿಕೆಯೂ ಅವಶ್ಯಕ. ಸಹಸ್ರಾರು ಹಕ್ಕಿಗಳ ಹಿಕ್ಕೆಯು ತೀರ ಕಡಮೆ ನೀರಿನಲ್ಲಿ ಕೂಡಿಕೊಂಡರೆ ನೀರು ಹಸುರಾಗಿ ಕೆಟ್ಟು, ಮೀನುಗಳು ಉಸಿರಾಟಕ್ಕೆ ಗಾಳಿ ಸಾಲದೆ ಸಾಯುವುವು. ಅಂತಹ ನೀರನ್ನು ದನಗಳಿಗೆ ಕುಡಿಸಬಾರದು. ಸತ್ವವು ಗೊಬ್ಬರವಾಗುವುದೂ ವಿಷವಾಗುವುದೂ ನೀರಿನ ಪ್ರಮಾಣದಿಂದಲೇ ಎಂಬುದನ್ನು ಮರೆಯಬಾರದು.

೪. ಕೊನೆಯ ನೀರು

ಬಣ್ಣದ ಕೊಕ್ಕರೆಯು ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು ಕೊಡುವುದು. ಮರಿಯು ರೆಕ್ಕೆ ಬಲಿತು ಹಾರುವುದಕ್ಕೆ ಮತ್ತೆ ಸುಮಾರು ಎರಡು ತಿಂಗಳು ಹಿಡಿಯುವುದು. ಆದುದರಿಂದ ಒಂದು ಗೂಡು ಫಲಿಸಬೇಕಾದರೆ ಮರದ ಬುಡದಲ್ಲಿ ಮೂರು ತಿಂಗಳ ಕಾಲ ನೀರು ನಿಂತಿರಬೇಕು. ನೀರು ಇರುವವರೆಗೆ ನಾಯಿ, ನರಿ, ಕಾಡುಬೆಕ್ಕುಗಳು ಮರದ ಹತ್ತಿರ ಸುಳಿಯಲಾರವು. ಕೊಡಲಿ ಹಿಡಿದವನೂ ಸುಲಭವಾಗಿ ಹೋಗಲಾರನು. ನೀರು ಬತ್ತಿದ ದಿನವೇ ಕಾವಲು ಮುರಿಯುವುದು. ಕೆಳಗೆ ಬಿದ್ದ ಮರಿಗಳು ನಾಯಿಗಳ ಪಾಲಾಗುವುವು. ಹೆದರಿದ ತಾಯಿಹಕ್ಕಿಗಳು ಗೂಡನ್ನೇ ತೊರೆದು ಹೋಗುವುದೂ ಉಂಟು.

ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರು ಹಿಂದಿನ ಕಾಲದಲ್ಲಿ ತಾನಾಗಿಯೇ ಕೆರೆಯಲ್ಲಿ ನಿಲ್ಲುತ್ತಿತ್ತು. ಅದು ದನಗಳಿಗೂ ಹಕ್ಕಿಗಳಿಗೂ ಮೀನಿನ ತಳಿಗೂ ಮೀಸಲು. ಡೀಸೆಲ್ ಹಾಗೂ ವಿದ್ಯುತ್ ಪಂಪುಗಳು ಬಂದ ಮೇಲೆ ಆ ಮೀಸಲು ನೀರನ್ನು ಕೂಡ ಎತ್ತುವುದು ಸಾಧ್ಯವಾಯಿತು. ಒಂದೆರಡು ತೋಟಗಳಿಗೆ ಹತ್ತು ದಿನದ ತೇವ ದೊರೆಯಬಹುದು; ಊರಿನ ದನಗಳಿಗೆ ನೀರಿಲ್ಲದಂತಾಗುವುದು, ಗೂಡುಗಳು ಹಾಳಾಗುವುವು, ಮುಂಗಾರಿಗೆ ತಳಿಯಾಗಬೇಕಾದ ಮೀನು ಮಡಿಯುವುದು. ಲೆಕ್ಕ ಬಲ್ಲ ಹಿಡುವಳಿದಾರನು ಇದನ್ನು ಲಾಭವೆಂದು ಹೇಳಲಾರನು.

೫. ಹೂಳೆತ್ತುವ ಕೆಲಸ

ಕೆರೆಯ ಹೂಳನ್ನು ಎತ್ತುವುದು ಅತ್ಯವಶ್ಯಕವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಹೂಳು ತುಂಬಿದರೆ ನೀರಿಗೆ ಸ್ಥಳವಿಲ್ಲದಾಗುವುದು. ತುಂಗಭದ್ರಾ ಜಲಾಶಯದಲ್ಲಿಯೇ ಸುಮಾರು ೧೩೩ ಟಿ.ಎಂ.ಸಿ. ಇದ್ದ ಸಂಗ್ರಹಶಕ್ತಿಯು ಹೂಳಿನಿಂದ ಸುಮಾರು ೧೦೫ಕ್ಕೆ ಇಳಿದಿರುವುದು ಎಲ್ಲರ ಅನುಭವಕ್ಕೂ ಬಂದಿದೆ. ಕೆರೆಗೋಡು ಮರಳುಮಿಶ್ರಿತ ಕೆಂಪು ಭೂಮಿಗೆ ಉತ್ತಮವಾದ ಗೊಬ್ಬರ. ತೇವವನ್ನು ಹಿಡಿದಿಡುವ ಜೇಡಿಯು ಅದರಲ್ಲಿದೆ. ಎರೆಭೂಮಿಗೆ ಅದರಿಂದ ಅಷ್ಟು ಪ್ರಯೋಜನವಿಲ್ಲ. ಚೌಳು ಕಂಡುಬಂದ ಹೂಳನ್ನೂ, ಸಂಡೂರಿನ ಕಡೆ ಗಣಿಗಳ ಹಳ್ಳಗಳು ಹೊತ್ತುತಂದ ಕೆಮ್ಮಣ್ಣನ್ನೂ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷಿಸದೆ ಹೊಲಕ್ಕೆ ಹಾಕಬಾರದು.

ಹೂಳು ಕೈಗೆ ಸಿಕ್ಕುವುದು ಬೇಸಿಗೆಯ ಕೊನೆಯಲ್ಲಿಯೇ. ಗೂಡು ಮರಿಗಳಿಗೆ ಅಪಾಯವೂ ಆಗಲೇ. ಈ ಎರಡನ್ನೂ ಹೊಂದಿಸುವುದು ಕಷ್ಟವಲ್ಲ. ಮರಗಳ ತೋಪಿನ ಸುತ್ತ ಗಡಿಯ ಕಲ್ಲುಗಳನ್ನು ನೆಟ್ಟು ಅದರೊಳಗೆ ಅಗೆಯದಿರುವುದು ಮೊದಲನೆಯ ನಿಯಮ. ಅಂಗಳವನ್ನೆಲ್ಲ ಒಂದೇ ಸಮನೆ ಆಳವಾಗಿ ತೋಡಿದರೆ ಕೊಕ್ಕರೆ ಕೆಂಬರಲುಗಳಿಗೆ ಕಾಲೂರುವ ತೆಳುನೀರು ಇಲ್ಲದಾಗುವುದು. ಗೋಡೆಯಂತೆ ಕಡಿದ ಗುಂಡಿಗಳು ಮಳೆಗಾಲದಲ್ಲಿ ದನಗಳಿಗೂ ಮಕ್ಕಳಿಗೂ ಮೃತ್ಯುಕೂಪಗಳಾಗುವುವು. ಆದುದರಿಂದ ಇಳಿಜಾರಾಗಿ ಅಗೆಯತಕ್ಕದ್ದು. ಕೆರೆಯ ತಳದ ಗಟ್ಟಿಜೇಡಿಯ ಪದರವನ್ನು ಒಡೆದರೆ ನೀರು ಇಂಗಿಹೋಗುವುದರಿಂದ ಅಲ್ಲಿಗೆ ನಿಲ್ಲಿಸತಕ್ಕದ್ದು. ಏರಿಯ ಬುಡವನ್ನು ಅಗೆಯುವುದು ಏರಿಗೇ ಅಪಾಯ. ಸಾಗಿಸಿ ಮಿಕ್ಕ ಮಣ್ಣನ್ನು ನಡುವೆ ದಿಬ್ಬವಾಗಿ ಹಾಕಿ ಕರಿಜಾಲಿಯನ್ನು ಬಿತ್ತಿದರೆ, ಕೆಲವು ವರ್ಷಗಳಲ್ಲಿ ಹೊಸ ಗೂಡುತಾಣವಾಗುವುದು. ಬಳ್ಳಾರಿ ಜಾಲಿಯೆಂದು ಕರೆಯಲ್ಪಡುವ ಹೊರನಾಡಿನ ಗಿಡವು ಬೇರೆ. ಅದು ಏರಿಯನ್ನು ಆಕ್ರಮಿಸಿದರೆ ತೆಗೆದುಹಾಕಬಹುದು. ಆ ಹೆಸರಿನ ಗೊಂದಲದಲ್ಲಿ ಅಂಗಳದ ಕರಿಜಾಲಿಯನ್ನು ಕಡಿಯದಂತೆ ನೋಡಿಕೊಳ್ಳತಕ್ಕದ್ದು.

೬. ಕಾನೂನಿನಲ್ಲಿ ಗ್ರಾಮದ ಸ್ಥಾನ

ಮೀಸಲು ಪ್ರದೇಶವೆಂದೊಡನೆ ಕೆರೆಯು ಊರಿನ ಕೈತಪ್ಪಿತೆಂದು ಕೆಲವರು ಅಂಜುವರು. ಈ ಭಯಕ್ಕೆ ಕಾರಣವಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ ೧೯೭೨ಕ್ಕೆ ೨೦೦೨ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸರಕಾರಿ ಜಮೀನನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸುವ ಮೊದಲು ಸ್ಥಳೀಯ ಜನರೊಡನೆ ಸಮಾಲೋಚಿಸಬೇಕು. ವ್ಯವಸ್ಥೆಯ ವಿಷಯದಲ್ಲಿ ಸಲಹೆ ಕೊಡಲು ಸಮಿತಿಯಿರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆಗೆ, ಆ ಪ್ರದೇಶಕ್ಕೆ ಸೇರಿದ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿ, ವನ್ಯಜೀವಿ ರಕ್ಷಣೆಯಲ್ಲಿ ತೊಡಗಿದ ಸಂಸ್ಥೆಗಳ ಮೂವರು, ವ್ಯವಸಾಯ ಇಲಾಖೆಯ ಒಬ್ಬರು, ಪಶುಪಾಲನಾ ಇಲಾಖೆಯ ಒಬ್ಬರು ಇರತಕ್ಕದ್ದು. ಅಲ್ಲಿ ಬೆಂಕಿ ಹಚ್ಚುವುದೂ, ವಿಷ ಸಿಡಿಮದ್ದುಗಳನ್ನು ಉಪಯೋಗಿಸುವುದೂ ನಿಷಿದ್ಧ. ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗೆ ಸುಮಾರು ೩೪ ಕಿಲೋಮೀಟರು ಹೊಳೆಯು ೨೦೧೫ರಲ್ಲಿ ಇದೇ ಕಾನೂನಿನಂತೆ ನೀರುನಾಯಿಗಳ ಮೀಸಲಾಯಿತು. ಅಲ್ಲಿಯೂ ಸಿಡಿಮದ್ದಿನಿಂದ ಮೀನು ಹಿಡಿಯುವುದು ಅಪರಾಧ. ಹೀಗೆ ಪಂಚಾಯಿತಿಗೆ ಸಮಿತಿಯಲ್ಲಿ ಆಸನವಿದೆ. ಅದರಲ್ಲಿ ಕುಳಿತು ಮಾತನಾಡುವುದು ಪ್ರತಿನಿಧಿಯ ಕರ್ತವ್ಯ. ಮೀನಿನ ನಷ್ಟ, ಹೂಳಿನ ಹಂಚಿಕೆ, ಪಂಪುಗಳ ತಕರಾರು ಇವೆಲ್ಲವನ್ನೂ ಅಲ್ಲಿಯೇ ಮುಂದಿಡಬಹುದು.

೭. ಮುಖಂಡರು ಮಾಡತಕ್ಕ ಕೆಲಸಗಳು

(೧) ಭರಣಿ ಮಳೆಯ ಹೊತ್ತಿಗೆ ಗ್ರಾಮಸಭೆ ಕರೆದು, ತೂಬಿನ ಮಟ್ಟಕ್ಕಿಂತ ಕೆಳಗಿನ ನೀರನ್ನು ಯಾರೂ ಪಂಪಿನಿಂದ ಎತ್ತಬಾರದೆಂದು ಠರಾವು ಮಾಡತಕ್ಕದ್ದು.

(೨) ಹೂಳೆತ್ತುವ ಸ್ಥಳವನ್ನೂ ಬಂಡಿಯ ದಾರಿಯನ್ನೂ ಮೊದಲೇ ಗುರುತಿಸತಕ್ಕದ್ದು. ಟಿಟ್ಟಿಭ ಕೂಗಿ ಸುತ್ತುವ ಜಾಗದಲ್ಲಿ ಸುಣ್ಣದ ಗುರುತಿಟ್ಟು ಚಕ್ರವನ್ನು ಬಳಸಿ ನಡೆಸತಕ್ಕದ್ದು.

(೩) ದನಗಳಿಗೆ ನೀರಿಗಿಳಿಯುವ ದಾರಿಯನ್ನು ಮರಗಳ ತೋಪಿನಿಂದ ದೂರವಾಗಿ, ಒಂದೇ ಕಡೆಯಲ್ಲಿ ಮಾಡತಕ್ಕದ್ದು. ನಾಯಿಗಳು ಅಂಗಳದಲ್ಲಿ ತಿರುಗದಂತೆ ನೋಡಿಕೊಳ್ಳತಕ್ಕದ್ದು.

(೪) ಕೆರೆಯ ಮೇಲುಭಾಗದ ಹೊಲಗಳವರು ಕೀಟನಾಶಕದ ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯಬಾರದು. ಮೊದಲ ಮಳೆಯು ಆ ವಿಷವನ್ನೆಲ್ಲ ಕೆರೆಗೇ ತರುವುದು.

(೫) ವಾರಕ್ಕೊಮ್ಮೆ, ಸೂರ್ಯೋದಯದ ಸಮಯದಲ್ಲಿ, ಒಂದೇ ಸ್ಥಳದಲ್ಲಿ ನಿಂತು ಹಕ್ಕಿಗಳನ್ನು ಎಣಿಸಿ, ತಾರೀಖು, ನೀರಿನ ಮಟ್ಟ, ಜಾತಿ, ಸಂಖ್ಯೆ, ಗೂಡುಗಳು ಎಂಬ ಐದು ಅಂಕಣಗಳಲ್ಲಿ ಪಂಚಾಯಿತಿಯ ಪುಸ್ತಕದಲ್ಲಿ ಬರೆಯತಕ್ಕದ್ದು. ಶಾಲೆಯ ಉಪಾಧ್ಯಾಯರೂ ಮೇಲಿನ ತರಗತಿಯ ಹುಡುಗ ಹುಡುಗಿಯರೂ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ಗುಂಪು ದೊಡ್ಡದಾದರೆ ಹತ್ತು ಹತ್ತಾಗಿ ಎಣಿಸಿದರೆ ಸಾಕು.

ಈ ಕೊನೆಯ ಕೆಲಸಕ್ಕೆ ಖರ್ಚಿಲ್ಲ. ಆದರೆ ಇದರ ಬೆಲೆ ಹೆಚ್ಚಿನದು. ಹತ್ತು ವರ್ಷಗಳ ಲೆಕ್ಕವಿರುವ ಗ್ರಾಮವು ಸಮಿತಿಯ ಮುಂದೆ ಹೇಳುವ ಮಾತಿಗೆ ಸಿಕ್ಕುವ ತೂಕವು, ಲೆಕ್ಕವಿಲ್ಲದ ಗ್ರಾಮದ ಮಾತಿಗೆ ಸಿಕ್ಕುವುದಿಲ್ಲ. ನೀರು ಎಷ್ಟು ಇಳಿದಾಗ ಹಕ್ಕಿಗಳು ಮರವನ್ನು ತೊರೆದುವು, ಎಷ್ಟು ಉಳಿದ ವರ್ಷ ಮರಿಗಳು ಹಾರಿದುವು ಎಂಬುದನ್ನು ಆ ಪುಸ್ತಕವೇ ತಿಳಿಸುವುದು. ಮುಂದಿನ ಬೇಸಿಗೆಯಲ್ಲಿ ಎಷ್ಟು ನೀರನ್ನು ಉಳಿಸಬೇಕೆಂಬ ಪ್ರಶ್ನೆಗೆ ಉತ್ತರವೂ ಅದರಲ್ಲಿಯೇ ದೊರೆಯುವುದು. ಕಮಲಾಪುರ, ದರೋಜಿ, ಸಂಡೂರಿನ ನಾರಿಹಳ್ಳ ಮೊದಲಾದ ಕಡೆಗಳಲ್ಲಿಯೂ ಇದೇ ಕ್ರಮವನ್ನು ಅನುಸರಿಸಬಹುದು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ನಂಬಿ ಬೀಜವನ್ನು ಸಿದ್ಧಪಡಿಸಿಕೊಳ್ಳುವ ರೈತನು, ಅದೇ ವಾರದಲ್ಲಿ ಒಂದು ಬೆಳಗನ್ನು ಕೆರೆಯ ಏರಿಯ ಮೇಲೆ ಕಳೆದರೆ, ತನ್ನ ಕೆರೆಯ ಸ್ಥಿತಿಯನ್ನು ತಾನೇ ಕಣ್ಣಾರೆ ತಿಳಿಯುವನು.